ಅಂಚೆಯಲ್ಲಿ ಬಂದ ಹೊಸಕ್ಕಿ

ಊರಿನಲ್ಲಿ ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಮಾತ್ರ ಅಂಚೆಯಣ್ಣ ಬಂದ ಮೇಲಿನ ಭಾನುವಾರ. ಮೂವತ್ತು ವರ್ಷಕ್ಕೂ ಮಿಕ್ಕಿ ನಾವು ಹೀಗೇ ಹಬ್ಬ ಮಾಡಿದೆವು ಎಂದರೆ ಊರಲ್ಲಿರುವ ನಿಮಗೆ ನಗು ಬಂದೀತು.

ನಮ್ಮದು ಕಾರ್ಕಳ ಕಡೆಯ ಕ್ರೈಸ್ತ ಕುಟುಂಬ. ಕನ್ಯಾ ಮರಿಯಮ್ಮನ ಹುಟ್ಟುಹಬ್ಬವೂ ಹೊಸಕ್ಕಿ ಊಟವೂ ನಮಗೆ ಒಂದೇ ದಿನ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ದು ಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳು ಸುಲಿದು, ಅರೆದು, ತೆಂಗಿನಹಾಲು ಬೆಲ್ಲಕ್ಕೆ ಬೆರೆಸಿ, ಪ್ರಾರ್ಥನೆಯಾದ ಮೇಲೆ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಲೆ ಊಟ. ಮೀನಿಲ್ಲ, ಮಾಂಸವಿಲ್ಲ. ತರಕಾರಿ ಬಗೆ ಮೂರೋ ಐದೋ ಏಳೋ, ಬೆಸವಾಗಿರಬೇಕು.

1988ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದಾಗ ನನ್ನ ದೊಡ್ಡ ಚಿಂತೆ ಹೂವಿನದ್ದೇ. ಊರಲ್ಲಿ ಗುಡ್ಡೆ ಹತ್ತಿ ಕೇಪಳ, ರಥಪುಷ್ಪ ಕೊಯ್ದವಳಿಗೆ ಇಲ್ಲಿ ದುಡ್ಡು ಕೊಟ್ಟು ಹೂ ತರುವ ಕರ್ಮ. ಹೆಚ್ಚಿನ ವರ್ಷ ಗಣೇಶ ಚೌತಿಯೂ ಹತ್ತಿರದಲ್ಲೇ ಬರುವುದರಿಂದ ಬೆಲೆ ಆಕಾಶಕ್ಕೆ. ಸ್ಟೇಷನ್ ಬಳಿಯ ಹೂವಿನವನು "ಗಣಪತಿಗಾ?" ಎಂದು ಕೇಳುತ್ತಿದ್ದ. "ಅಲ್ಲ, ಮರಿಯಮ್ಮನಿಗೆ" ಎಂದರೆ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದ.

ಪರವೂರಿನಲ್ಲಿ ಇಗರ್ಜಿಯ ವರ್ಷ ಹೀಗೇ ಬೇರೆಯವರ ಕಣ್ಣೆದುರು ನಡೆಯುತ್ತದೆ. ಬೂದಿ ಬುಧವಾರ ಬೆಳಿಗ್ಗೆ ಪೂಜೆ ಮುಗಿಸಿ ಥಾಣೆಯ ಕಚೇರಿಗೆ ಲೋಕಲ್ ಹತ್ತಿದರೆ, ಲೇಡೀಸ್ ಡಬ್ಬಿಯಲ್ಲಿ ಯಾರೋ ಪುಣ್ಯಾತ್ಮಳು "ಹಣೆಗೆ ಮಸಿ ಹತ್ತಿದೆ" ಎಂದು ಕರವಸ್ತ್ರ ಕೊಟ್ಟಿದ್ದಳು. ‘ಮಣ್ಣಿಗೇ ಮರಳುವವರು ನಾವು’ ಅಂತ ಆ ನೂಕುನುಗ್ಗಲಲ್ಲಿ ವಿವರಿಸುವುದು ಹೇಗೆ ಮಾರಾಯ್ರೆ! ನಕ್ಕು, ವಸ್ತ್ರ ಹಿಂದಿರುಗಿಸಿದೆ. ಇಗರ್ಜಿಯ ಬೆಂಚಿನಲ್ಲಿ ಗೋವಾದವರು, ಮಲಯಾಳಿಗಳು, ತಮಿಳರು, ಇಲ್ಲಿನವರೇ ಆದ ಈಸ್ಟ್ ಇಂಡಿಯನ್ನರು. ಈಸ್ಟ್ ಇಂಡಿಯನ್ನರಿಗೂ ತೆನೆ ಹಬ್ಬ ಉಂಟು, ‘ಆಗೇರಾ’ ಅಂತ. ಆದರೆ ಅದು ಅಕ್ಟೋಬರದ ಮೊದಲ ಭಾನುವಾರ. ಗೋವಾದವರು ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಓದುತ್ತಾರೆ, ನಾವು ಕನ್ನಡ ಲಿಪಿಯಲ್ಲಿ. ನನ್ನ ಮಕ್ಕಳಿಗೆ ಶಾಲೆಯಲ್ಲಿ ಬಂದದ್ದು ದೇವನಾಗರಿ. ಅಮ್ಮನ ಕಾಗದವನ್ನು ನಾನೇ ಓದಿ ಹೇಳಬೇಕಿತ್ತು.

ಆ ಕಾಗದದೊಳಗೇ ನಮ್ಮ ಹಬ್ಬ ಬರುತ್ತಿತ್ತು. ಪ್ರತಿ ವರ್ಷ ಅಮ್ಮ ಆಶೀರ್ವದಿಸಿದ ತೆನೆಯಿಂದ ಕಾಳು ಬಿಡಿಸಿ, ಚಿಕ್ಕ ಪೊಟ್ಟಣ ಕಟ್ಟಿ, ಕವರಿನೊಳಗಿಟ್ಟು ಕಳಿಸುತ್ತಿದ್ದರು. ನಾವು ನಾಲ್ಕು ಜನ. ಕಾಳು ಐದು. ಒಮ್ಮೆ ಫೋನಿನಲ್ಲಿ, "ಅಮ್ಮ, ನಿಮಗೆ ಲೆಕ್ಕ ತಪ್ಪಿದೆ" ಎಂದೆ. "ಲೆಕ್ಕ ತಪ್ಪಿದ್ದಲ್ಲ. ಊಟದ ಹೊತ್ತಿಗೆ ಬಾಗಿಲಿಗೆ ಯಾರಾದರೂ ಬಂದರೆ?" ಎಂದರು. ಡೊಂಬಿವಲಿಯ ನಾಲ್ಕನೇ ಮಾಳಿಗೆಗೆ ಹೇಳದೆ ಕೇಳದೆ ಯಾರು ಬರುತ್ತಾರೆ! ಐದನೆಯ ಕಾಳನ್ನೂ ನಾವೇ ಅರೆದು ಕುಡಿಯುತ್ತಿದ್ದೆವು.

1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆದ ಮೇಲೆ ಊರು ಹತ್ತಿರವಾಯಿತು. ಮತ್ಸ್ಯಗಂಧದಲ್ಲಿ ಬಂದು ಥಾಣೆಯಲ್ಲಿ ಇಳಿಯುವವರು ತೆನೆಯ ಕಟ್ಟನ್ನೇ ತರತೊಡಗಿದರು. ಆದರೂ ಮನೆಯ ಹೊಸಕ್ಕಿಗೆ ಅಮ್ಮನ ಕವರೇ ಬರಬೇಕು.

2020ರ ಜುಲೈಯಲ್ಲಿ ಅಮ್ಮ ತೀರಿಕೊಂಡರು. ಕೊರೋನಾ ಕಾಲ. ನನಗೆ ಹೋಗಲಾಗಲಿಲ್ಲ. ಮಣ್ಣು ಹಾಕುವುದನ್ನು ತಮ್ಮನ ಮೊಬೈಲಿನಲ್ಲಿ ನೋಡಿದೆ. ಇಲ್ಲಿ ಇಗರ್ಜಿಗೆ ಬೀಗ. ಮಹಾರಾಷ್ಟ್ರದಲ್ಲಿ ದೇವಾಲಯ, ಇಗರ್ಜಿಗಳ ಬಾಗಿಲು ತೆರೆದದ್ದು ನವೆಂಬರ್ 16ಕ್ಕೆ. ಅಳಲು ಒಂದು ಬೆಂಚೂ ಇರಲಿಲ್ಲ. ನಾನು ಪ್ರಾರ್ಥನೆ ಬಿಟ್ಟೆ. ಸಿಟ್ಟು ದೇವರ ಮೇಲೋ ಊರಿನ ಮೇಲೋ ನನ್ನ ಮೇಲೋ ಗೊತ್ತಾಗುತ್ತಿರಲಿಲ್ಲ. ಈ ವರ್ಷ ಹಬ್ಬ ಬೇಡ ಎಂದು ಮನೆಯವರಿಗೆ ಹೇಳಿಬಿಟ್ಟೆ.

ನಮ್ಮ ಕಟ್ಟಡಕ್ಕೆ ತರಕಾರಿ ತರುವ ಆಗ್ರಿ ಹೆಂಗಸೊಬ್ಬಳಿದ್ದಳು. ಕಲ್ಯಾಣ್-ಶೀಳ್ ರಸ್ತೆಯ ಆಚೆ ಅವಳ ಹಳ್ಳಿ. ಎಲ್ಲರಿಗೂ ಅವಳು ಮಾವಶಿ. ವರ್ಷಕ್ಕೊಮ್ಮೆ ನಾನು ಐದಾರು ಬಗೆ ತರಕಾರಿ ಒಟ್ಟಿಗೆ ಕೊಳ್ಳುವುದು ಯಾಕೆಂದು ಅವಳಿಗೆ ಗೊತ್ತಿತ್ತು. ಸೆಪ್ಟೆಂಬರ್ 8ರ ಬೆಳಿಗ್ಗೆ ಗೇಟಿನಿಂದ ಕರೆದಳು. "ಅಮ್ಮನ ಕಾಗದ ಬಂತಾ?" ಎಂದಳು. ಇನ್ನು ಬರುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೋದಳು. ಮಧ್ಯಾಹ್ನಕ್ಕೆ ಮುಂಚೆ ಮತ್ತೆ ಬಂದಳು, ಸೆರಗಿನಲ್ಲಿ ಒಂದು ಹಿಡಿ ತೆನೆ. ಅವಳ ಗದ್ದೆಯದು. ಇನ್ನೂ ಎಳೆ ಹಸಿರು, ಚಿವುಟಿದರೆ ಹಾಲು. ನಾನು ಪರ್ಸಿಗೆ ಕೈ ಹಾಕಿದೆ. "ದೇವಾಲಾ ದ್ಯಾಯಚಂ, ತ್ಯಾಲಾ ಪೈಸೆ ಕಸಲೆ?" ಎಂದಳು. ದೇವರಿಗೆ ಕೊಡುವುದು, ಅದಕ್ಕೆಂಥ ದುಡ್ಡು!

ಆಶೀರ್ವದಿಸಲು ಪಾದ್ರಿಗಳಿಲ್ಲ. ತೆನೆಯನ್ನು ಅಲ್ತಾರಿನ ಮುಂದಿಟ್ಟು ನಾವೇ ಪ್ರಾರ್ಥಿಸಿದೆವು. ಎರಡು ತಿಂಗಳ ಬಳಿಕ ನನ್ನ ಬಾಯಿಂದ ‘ಓ ಸ್ವಾಮಿ’ ಎಂಬ ಮಾತು ಹೊರಟಿತು. ಅಂಚೆಯಣ್ಣನನ್ನು ಕಾಯದೆ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿ, ಎಂಟನೇ ತಾರೀಕಿಗೇ ಹೊಸಕ್ಕಿ ಆಯಿತು. ಕಾಳು ಎಣಿಸುವಾಗ ಕೈ ತಾನಾಗಿ ಐದಕ್ಕೆ ಹೋಯಿತು. ಒಂದು ಸ್ಟೀಲ್ ಲೋಟ ಹಿಡಿದು ಕೆಳಗಿಳಿದೆ. ಮಾವಶಿ ಗೇಟಿನಾಚೆ ಮಾಸ್ಕ್ ಇಳಿಸಿ, ಲೋಟವನ್ನು ಹಣೆಗೆ ಮುಟ್ಟಿಸಿ ಕುಡಿದಳು.

ಅಮ್ಮ ಲೆಕ್ಕ ಹಾಕಿದ್ದು ಯಾರಿಗೆಂದು ಆ ಹೊತ್ತು ತಿಳಿಯಿತು. ಭರವಸೆ ಅಂತ ಪ್ರತಿ ಆಗಮನ ಕಾಲದಲ್ಲಿ ಪ್ರವಚನ ಕೇಳಿದ್ದೇನೆ. ಇನ್ನೂ ಬಾರದವರಿಗಾಗಿ ಒಂದು ಕಾಳು ಎತ್ತಿಡುವುದೇ ಅದು ಎಂದು ಕಲಿಸಿದವರು ನನ್ನ ಅಮ್ಮ. ಕಲಿಯಲು ನನಗೆ ಅವರು ಹೋಗಬೇಕಾಯಿತು.

ಈಗ ಮಾವಶಿಯ ಗದ್ದೆಯೂ ಇಲ್ಲ, ಅಲ್ಲಿ ಕಟ್ಟಡ ಏಳುತ್ತಿದೆ. ಊರಲ್ಲಿ ತಮ್ಮ ನಮ್ಮ ಗದ್ದೆಗೆ ಅಡಿಕೆ ಹಾಕಿದ್ದಾನೆ. ತೆನೆ ಎಲ್ಲಿಂದಲೋ ಬರುತ್ತದೆ. ಖಾರ್‌ಘರ್‌ನಲ್ಲಿರುವ ಮಗಳು ಹಬ್ಬಕ್ಕೆ ಬಂದವಳು ಕಳೆದ ವರ್ಷ ತಾನೇ ಕಾಳು ಎಣಿಸಿದಳು. ಒಂದು ಹೆಚ್ಚು ಹಾಕಿದಳು. ಬೆಲ್ ಆಯಿತು. ಮಾವಶಿ, ಬರಿಗೈಯಲ್ಲಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ. "ನನ್ನ ಪಾಲು ಎಲ್ಲಿ?" ಎಂದಳು.