ಒರ್ಫಾ ಎಲ್ಲಿಗೆ ಹೋದಳು?

ಅಣ್ಣ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ರೂತಳ ಕಥೆ ಓದಿದಷ್ಟು ಸತ್ಯವೇದದ ಬೇರೆ ಯಾವ ಭಾಗವನ್ನೂ ಓದಿಲ್ಲ. ನಾಲ್ಕೇ ಅಧ್ಯಾಯ. ಒಂದು ಮನೆ ಪ್ರಾರ್ಥನೆಗೆ ಸರಿಹೋಗುತ್ತದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೇತ್ಲೆಹೇಮಿನಲ್ಲಿ ಬರ ಬಿದ್ದು ಒಂದು ಕುಟುಂಬ ಮೋವಾಬಿಗೆ ಗುಳೆ ಹೋಗುತ್ತದೆ. (ಗುಳೆ ಅಂದರೆ ಏನೆಂದು ನಮ್ಮ ಬೀದರ್ ಕಡೆ ಬಿಡಿಸಿ ಹೇಳಬೇಕಿಲ್ಲ.) ಅಲ್ಲಿ ಗಂಡ, ಇಬ್ಬರು ಗಂಡುಮಕ್ಕಳು ಸತ್ತು ನೊವೊಮಿ ಮತ್ತು ಸೊಸೆಯಂದಿರು ಉಳಿಯುತ್ತಾರೆ. ತವರಿಗೆ ಹೋಗಿ ಎಂದು ಅತ್ತೆಯೇ ಹೇಳುತ್ತಾಳೆ. ಒರ್ಫಾ ಹೋಗುತ್ತಾಳೆ. ರೂತ್ ಹೋಗುವುದಿಲ್ಲ. ಅತ್ತೆಯ ಜೊತೆ ಬಂದು, ಬೋವಜನೆಂಬವನ ಹೊಲದಲ್ಲಿ ಹಕ್ಕಲು ಆಯುತ್ತಾಳೆ.

ಹಕ್ಕಲಿನ ಭಾಗ ಬಂದರೆ ಅವ್ವನ ಮುಖ ಅರಳುತ್ತಿತ್ತು. ನಾವು ಶಾಲೆಗೆ ಹೋಗುವಾಗ ಆಕೆಯೂ ಜೋಳದ ಹೊಲಗಳಲ್ಲಿ ಬಿದ್ದ ತೆನೆ ಆಯ್ದವಳು. ಹೊಲದ ಮೂಲೆಯನ್ನು ಪೂರ್ತಿ ಕೊಯ್ಯಬೇಡ, ಬಡವರಿಗೂ ಪರದೇಶಿಗೂ ಬಿಡು ಎಂಬ ಕಟ್ಟಳೆ ಯಾಜಕಕಾಂಡದಲ್ಲಿದೆ. ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಟ್ಟಿದ ಸಿವುಡಿನಿಂದಲೇ ಸ್ವಲ್ಪ ಎಳೆದು ಬೀಳಿಸಿ ಎಂದು ಆಳುಗಳಿಗೆ ಹೇಳುತ್ತಾನೆ. ಅವ್ವ ಬಂದದ್ದು ಕಂಡರೆ ಬೇಕಂತಲೇ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದ ಗೌಡರೊಬ್ಬರಿದ್ದರು. ಅವರಿಗೆ ಆಕೆ ಇಟ್ಟ ಹೆಸರು ಬೋವಜ. ಅವರಿಗೆ ಗೊತ್ತಿರಲಿಲ್ಲ.

ಅಣ್ಣ ಹೋದ ಮೇಲೆ ವೈನಿ ನಮ್ಮಲ್ಲೇ ಉಳಿದರು. 'ನಿಮ್ಮ ಮನ್ಯಾಗ ರೂತ್ ಅದಾಳ' ಎಂದರು ಸಭೆಯವರು. ನಮಗೂ ಹೆಮ್ಮೆ. ಮನೆ ಮನೆ ಪ್ರಾರ್ಥನೆಗೆ ಹೋಗಿ ಎರಡು ವರ್ಷ ಈ ಕಥೆ ಹೇಳಿದೆವು. ದಿನವೂ ಸುದ್ದಿ ಬರೆಯುವವರಿಗೆ ಕಥೆ ಹೇಳುವುದೇನು ಕಷ್ಟ? ವೈನಿ ಬಾಗಿಲ ಬಳಿ ಕುಳಿತು ಕೇಳುತ್ತಿದ್ದರು.

ಒಂದು ದಿನ ಭಾಂಡೆ ತೊಳೆಯುತ್ತ ಕೇಳಿದರು: 'ಒರ್ಫಾ ಎಲ್ಲಿಗಿ ಹೋದ್ಳು? ಅಕೀ ಕಥಿ ಯಾಕ ಯಾರೂ ಹೇಳಂಗಿಲ್ಲ?'

ಉತ್ತರ ಇರಲಿಲ್ಲ. ರಾತ್ರಿ ಪುಸ್ತಕ ತೆಗೆದು ಮೊದಲ ಅಧ್ಯಾಯ ಮತ್ತೆ ಓದಿದೆವು. ನೊವೊಮಿ ಇಬ್ಬರನ್ನೂ ಹರಸುತ್ತಾಳೆ, ಇಬ್ಬರಿಗೂ ಮತ್ತೆ ಗಂಡನ ಮನೆ ಸಿಗಲಿ ಅನ್ನುತ್ತಾಳೆ. ಇಬ್ಬರೂ ಗಟ್ಟಿಯಾಗಿ ಅಳುತ್ತಾರೆ. ಒರ್ಫಾ ಅತ್ತೆಗೆ ಮುತ್ತಿಟ್ಟು ಹೊರಡುತ್ತಾಳೆ. ಆಕೆಯನ್ನು ಬೈಯುವ ಒಂದು ಮಾತೂ ಅಲ್ಲಿಲ್ಲ. 'ಸ್ವಾರ್ಥಿ' ಎಂಬ ಮಾತು ನಾವು ಸೇರಿಸಿದ್ದು. ಸುದ್ದಿಯಲ್ಲಿ ಹೀಗೆ ಸೇರಿಸಿದ್ದರೆ ಡೆಸ್ಕಿನವರು ಹೊಡೆದುಹಾಕುತ್ತಿದ್ದರು.

ಅವ್ವನಿಗೆ ಓದಲು ಬರುವುದಿಲ್ಲ. ಆ ಸಾಲುಗಳನ್ನು ಎರಡು ಸಲ ಓದಿಸಿಕೊಂಡಳು, ಏನೂ ಅನ್ನಲಿಲ್ಲ. ಎಂಟು ದಿನದ ಮೇಲೆ ಆಕೆಯೇ ವೈನಿಯ ಕೈ ಹಿಡಿದು, 'ನೀ ಹೋಗವ್ವ, ನಾ ಛಲೋ ಇದ್ದೀನಿ' ಎಂದಳು. ಛಲೋ ಇರಲಿಲ್ಲ. ನಮಗೂ ಸಿಟ್ಟು ಬಂದಿತ್ತು, ಅಡಿಗೆ ಯಾರು ಮಾಡುವುದು ಎಂಬ ಲೆಕ್ಕವೂ ಅದರಲ್ಲಿತ್ತು.

ವೈನಿ ಈಗ ಜಹೀರಾಬಾದಿನ ಕಡೆ ತವರಿನಲ್ಲಿದ್ದಾರೆ, ಹೊಲಿಗೆ ಮಾಡುತ್ತಾರೆ. ಭಾನುವಾರ ಅವ್ವನಿಗೆ ಫೋನು ಬರುತ್ತದೆ.

ಹೋದ ತಿಂಗಳು ಒಂದು ಮನೆಯಲ್ಲಿ ಮತ್ತೆ ಇದೇ ಕಥೆ ಹೇಳಿದೆವು. ಒರ್ಫಾ ಹೊರಟ ಕಡೆ ಸ್ವಲ್ಪ ಹೊತ್ತು ನಿಂತೆವು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು: 'ಅಕೀಗಿ ಮುಂದ ಛಲೋ ಆತೇನ್ರೀ?'

'ಬರದಿಲ್ಲ ಆಯಿ,' ಎಂದೆವು.

'ಆಗಿರ್ತದ ಬಿಡ್ರಿ,' ಎಂದು ಆಕೆ ಚಹಾ ತರಲು ಎದ್ದಳು.