ಪಟ್ಟಿಯಲ್ಲಿ ಇಲ್ಲದ ಹೆಸರು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ಊರೂರುಗಳಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭಗಳು ನೆರವೇರುತ್ತವೆ. ಸರಕಾರಿ ಶಾಲೆಯ ಮಕ್ಕಳನ್ನು ವೇದಿಕೆಗೆ ಕರೆದು ಗೌರವಿಸುವುದು ಸಮಾಜಕ್ಕೆ ಭೂಷಣವೇ ಸರಿ. ಒಮ್ಮೆ ನಮ್ಮೂರಿನಲ್ಲಿ ಹೆಸರುಗಳನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಿತು. 625 ಅಂಕಗಳಲ್ಲಿ 550ಕ್ಕಿಂತ ಹೆಚ್ಚು ಪಡೆದವರನ್ನಷ್ಟೇ ಪಟ್ಟಿಗೆ ಸೇರಿಸಿದೆ.

ಸಮಾರಂಭ ಮುಗಿದ ಮೇಲೆ ಗುರುಮಾತೆಯೊಬ್ಬರು ಹುಡುಗನೊಬ್ಬನನ್ನು ಕರೆದುಕೊಂಡು ಬಂದರು. "ಸರ್, ಇವನದು ಬರೀ ಪಾಸು. ತಂದೆ ತೀರಿಕೊಂಡ ಮೇಲೆ ಶಾಲೆ ಬಿಟ್ಟಿದ್ದ. ನಸುಕಿನಲ್ಲಿ ಮನೆಮನೆಗೆ ಹಾಲು ಹಾಕಿ ಬಂದು ಓದಿದ್ದಾನೆ. ತಾವೊಮ್ಮೆ ಹರಸಬೇಕು" ಎಂದರು. ಅವನ ತಾಯಿಯನ್ನು ಒಪ್ಪಿಸಿ ಅವನನ್ನು ಶಾಲೆಗೆ ಮರಳಿ ಕರೆತಂದವರು ಈ ಗುರುಮಾತೆಯೇ ಎಂಬುದು ಆಮೇಲೆ ತಿಳಿಯಿತು. ನನ್ನ ಕೈಯಲ್ಲಿ ಶಾಲು ಉಳಿದಿರಲಿಲ್ಲ. ತಲೆ ತಾನಾಗಿಯೇ ತಗ್ಗಿತು.

ಅಂದು ರಾತ್ರಿ ಡೆಪ್ಯುಟಿ ಚನ್ನಬಸಪ್ಪನವರು ನೆನಪಾದರು. ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದು, 1881ರಲ್ಲಿ ಲಿಂಗೈಕ್ಯರಾದ ಶಿಕ್ಷಣಾಧಿಕಾರಿ ಅವರು. ಹಳ್ಳಿಯ ಮಗು ಶಾಲೆಯ ಹೊಸ್ತಿಲು ದಾಟುವುದೇ ಆಗ ದೊಡ್ಡ ಸಾಧನೆಯಾಗಿತ್ತು. ಕೆಲವು ಮಕ್ಕಳಿಗೆ ಇಂದಿಗೂ ಹಾಗೆಯೇ ಇದೆ.

2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟದ ಯೋಜನೆಗೆ ಸರಕಾರವು 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿತು. ದಾಸೋಹದ ಪಂಕ್ತಿಯಲ್ಲಿ ಕುಳಿತವರ ಅಂಕವನ್ನು ಯಾರೂ ಕೇಳುವುದಿಲ್ಲ. ನಮ್ಮ ಸನ್ಮಾನದ ಪಂಕ್ತಿಯಲ್ಲಿ ನಾನು ಕೇಳಿದ್ದೆ.

ಮರುವರ್ಷದಿಂದ ನಮ್ಮ ಪಟ್ಟಿಗೆ ಎರಡು ಹೆಸರುಗಳು ಸೇರುತ್ತಿವೆ: ಕಷ್ಟವನ್ನು ದಾಟಿ ತೇರ್ಗಡೆಯಾದ ಮಗುವಿನದು, ಆ ಮಗುವಿನ ಕೈಹಿಡಿದು ದಾಟಿಸಿದ ಗುರುವಿನದು. ಶರಣ ಬಂಧುಗಳೇ, ತಮ್ಮೂರಿನ ಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಿರಿ.