ಪ್ರಶ್ನಾವಳಿಯ ಹೊರಗಿನ ಕೇಳುಗ

ಪತ್ರಿಕೆಯೊಂದನ್ನು ಆರಂಭಿಸಲು ಹೊರಟವರ ಎದುರಿಗೆ ಮೊದಲು ಬಂದು ನಿಲ್ಲುವ ಪ್ರಶ್ನೆ, ಇದನ್ನು ಓದುವವರು ಯಾರು ಎಂಬುದು. ಸಂಗೀತ ಪತ್ರಿಕೆಯ ಸಂದರ್ಭದಲ್ಲಿ ಈ ಪ್ರಶ್ನೆ ಮತ್ತಷ್ಟು ಜಟಿಲವಾಗುತ್ತದೆ. ಸಂಗೀತವನ್ನು ಪ್ರೀತಿಸುವವನು ಮೂಲತಃ ಕೇಳುಗ. ಅವನು ಓದುಗನೂ ಆಗಿರಬೇಕೆಂಬ ನಿಯಮವಿಲ್ಲ. ಹಾಥರಸದಿಂದ 1935ರಲ್ಲಿ ಆರಂಭವಾದ ಹಿಂದಿಯ ‘ಸಂಗೀತ್’, ಚೆನ್ನೈನಿಂದ 1983ರಲ್ಲಿ ಆರಂಭವಾದ ಇಂಗ್ಲಿಷಿನ ‘ಶ್ರುತಿ’ ತಮ್ಮ ತಮ್ಮ ಓದುಗರನ್ನು ಕಂಡುಕೊಂಡವು. ಆದರೆ ಎರಡು ಶಾಸ್ತ್ರೀಯ ಪದ್ಧತಿಗಳು ಒಂದೇ ಭಾಷೆಯೊಳಗೆ ಬದುಕಿರುವ ಕನ್ನಡದಲ್ಲಿ ‘ಸಂಗೀತದ ಓದುಗ’ ಎಂಬ ಏಕವಚನವೇ ಅನುಮಾನಾಸ್ಪದವಾದುದು. ಧಾರವಾಡದ ತರುಣನೊಬ್ಬನ ಅನುಭವ ಈ ಹಿನ್ನೆಲೆಯಲ್ಲಿ ಗಮನಿಸತಕ್ಕದ್ದಾಗಿದೆ.

ಕನ್ನಡದಲ್ಲಿ ಸಂಗೀತಕ್ಕೆ ಮೀಸಲಾದ ಮಾಸಪತ್ರಿಕೆಯೊಂದನ್ನು ತರಬೇಕೆಂಬುದು ಆತನ ಬಹುದಿನದ ಬಯಕೆ. ಅದಕ್ಕಾಗಿ ಎರಡು ಪುಟಗಳ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದ. ವಯಸ್ಸು, ಉದ್ಯೋಗ, ಮೆಚ್ಚಿನ ರಾಗ, ಈಗ ಓದುತ್ತಿರುವ ಪತ್ರಿಕೆಗಳು, ಕೊಡಬಹುದಾದ ಚಂದಾ ಹಣ, ಬಯಸುವ ಲೇಖನಗಳ ಸ್ವರೂಪ ಇವೇ ಅದರಲ್ಲಿದ್ದ ಪ್ರಶ್ನೆಗಳು. ಕಛೇರಿಗಳು ನಡೆಯುವ ಸಭಾಂಗಣಗಳ ಬಾಗಿಲಲ್ಲಿ ನಿಂತು ಅದನ್ನು ಹಂಚಿದ. ತುಂಬಿ ಮರಳಿಸಿದವರಲ್ಲಿ ಅಧ್ಯಾಪಕರು, ಬ್ಯಾಂಕ್ ನೌಕರರು, ನಿವೃತ್ತರೇ ಹೆಚ್ಚು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಅವರ ಗಾಯನವನ್ನು ಕೇಳಿ ಬೆಳೆದ ನೆಲದಲ್ಲಿ ಘರಾಣೆಗಳ ಇತಿಹಾಸ, ಕಲಾವಿದರ ಜೀವನಚಿತ್ರ, ಕಛೇರಿ ವಿಮರ್ಶೆಗಳನ್ನು ಅವರು ಬಯಸಿದ್ದು ಸಹಜವೇ. ನುಣುಪು ಕಾಗದ, ದೊಡ್ಡ ಛಾಯಾಚಿತ್ರಗಳು, ಸ್ವರಲಿಪಿಗೆ ಪ್ರತ್ಯೇಕ ಪುಟಗಳು ಹೀಗೆ ಪತ್ರಿಕೆಯ ಚಿತ್ರ ಅವನ ಮನಸ್ಸಿನಲ್ಲಿ ಸ್ಪಷ್ಟವಾಯಿತು. ಹಣ ಹೂಡಲು ಪರಿಚಿತರೊಬ್ಬರು ಮುಂದೆ ಬಂದರು.

ಮೊದಲ ತೊಡಕು ಮೈಸೂರಿನಿಂದ ಬಂದಿತು. ಅಲ್ಲಿಯ ಸ್ನೇಹಿತರೊಬ್ಬರು ಹಂಚಿದ ಪ್ರತಿಗಳಲ್ಲಿ ಮೆಚ್ಚಿನ ರಾಗವೆಂದು ಹಲವರು ‘ತೋಡಿ’ ಎಂದು ಬರೆದಿದ್ದರು. ಧಾರವಾಡದ ಪ್ರತಿಗಳಲ್ಲಿಯೂ ತೋಡಿ ಇದ್ದಿತು. ಎರಡನ್ನೂ ಕೂಡಿಸಿದಾಗ ಆ ರಾಗಕ್ಕೆ ಪಟ್ಟಿಯಲ್ಲಿ ಮೊದಲ ಸ್ಥಾನ ದೊರೆಯಿತು. ಪಟ್ಟಿಯನ್ನು ನೋಡಿದ ವಿದ್ವಾಂಸರೊಬ್ಬರು ನಸುನಕ್ಕು ಸುಮ್ಮನಾದ ಮೇಲೆಯೇ ತಪ್ಪು ಅರಿವಿಗೆ ಬಂದದ್ದು. ಹಿಂದೂಸ್ಥಾನಿ ತೋಡಿಯ ಸ್ವರಗಳು ಕರ್ನಾಟಕ ಪದ್ಧತಿಯ ಶುಭಪಂತುವರಾಳಿಯವು. ಕರ್ನಾಟಕ ತೋಡಿಯ ಸ್ವರಗಳು ಹಿಂದೂಸ್ಥಾನಿಯ ಭೈರವಿ ಥಾಟಿನವು. ಒಂದರಲ್ಲಿ ತೀವ್ರ ಮಧ್ಯಮ, ಇನ್ನೊಂದರಲ್ಲಿ ಶುದ್ಧ ಮಧ್ಯಮ. ಹೆಸರು ಒಂದೇ ಆದರೂ ಎರಡು ಊರಿನವರು ಮೆಚ್ಚಿದ್ದು ಎರಡು ರಾಗಗಳನ್ನು. ಉತ್ತರಗಳೆಲ್ಲ ಪ್ರಾಮಾಣಿಕವಾಗಿದ್ದರೂ ಮೊತ್ತ ಸುಳ್ಳಾಗಿತ್ತು. ಕೇಳಿದವನ ಪರಿಭಾಷೆಯಲ್ಲಿಯೇ ಎಲ್ಲರೂ ಉತ್ತರಿಸುತ್ತಾರೆಂಬ ನಂಬಿಕೆ ಸಮೀಕ್ಷೆಯ ಮೊದಲ ದೋಷವೆಂಬುದು ಅವನಿಗೆ ಮನವರಿಕೆಯಾಯಿತು.

ಎರಡನೆಯ ಪಾಠ ದೊರೆತದ್ದು ಗದುಗಿನಲ್ಲಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಬಡ ಮಕ್ಕಳಿಗೂ ಅನ್ನದೊಂದಿಗೆ ಸಂಗೀತವನ್ನು ಕೊಟ್ಟರು. ಉತ್ತರ ಕರ್ನಾಟಕದ ಎಷ್ಟೋ ಊರುಗಳ ಹಾರ್ಮೋನಿಯಂ, ತಬಲಾ ಶಿಕ್ಷಕರು ಆ ಪರಂಪರೆಯವರು. ಅಂತಹ ವೃದ್ಧ ಶಿಕ್ಷಕರೊಬ್ಬರ ಮನೆಗೆ ತರುಣ ಪ್ರಶ್ನಾವಳಿಯೊಂದಿಗೆ ಹೋದ. ಅವರಿಗೆ ಕಣ್ಣು ಕಾಣದು. ಪ್ರಶ್ನೆಗಳನ್ನು ಈತ ಓದಿ ಹೇಳಿದ, ಅವರು ಉತ್ತರಿಸಿದರು, ಈತ ಬರೆದುಕೊಂಡ. ‘ಯಾವ ಪತ್ರಿಕೆಗಳನ್ನು ಓದುತ್ತೀರಿ?’ ಎಂಬಲ್ಲಿಗೆ ಬಂದಾಗ ಅವರು ತಡೆದರು.

“ಏನು ಓದತೀರಿ ಅಂತ ಕೇಳಿದಿ. ಓದಿ ಹೇಳಾವ್ರು ಯಾರದಾರ ಅಂತ ಕೇಳಲಿಲ್ಲ, ತಮ್ಮಾ.”

“ತಪ್ಪಾತ್ರಿ, ಗುರುಗಳ” ಎಂದ ತರುಣ, ಆ ಉತ್ತರವನ್ನು ಬರೆಯಲು ಹಾಳೆಯಲ್ಲಿ ಸ್ಥಳವಿಲ್ಲವೆಂಬುದನ್ನು ಕಂಡುಕೊಂಡ. ಮೊದಲೆಲ್ಲ ಜೊತೆಗಾರರು ಓದಿ ಹೇಳುತ್ತಿದ್ದರೆಂದೂ ಈಗ ಮೊಬೈಲ್ ಓದಿ ಹೇಳುತ್ತದೆಂದೂ ಶಿಕ್ಷಕರು ವಿವರಿಸಿದರು. ಮಾದರಿ ಸಂಚಿಕೆಯ ಗಣಕ ಪ್ರತಿಯನ್ನು ಅಲ್ಲಿಯೇ ಓದಿಸಿ ನೋಡಲಾಯಿತು. ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿದ್ದ ಲೇಖನಗಳು ಅರ್ಥಹೀನ ಸದ್ದುಗಳಾಗಿ ಹೊರಬಂದವು. ಯುನಿಕೋಡ್‌ನಲ್ಲಿದ್ದ ಸ್ವರಲಿಪಿಯ ಪುಟವಂತೂ ಇನ್ನೂ ವಿಚಿತ್ರವಾಯಿತು. ಭಾತಖಂಡೆ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಕೆಳಗೆ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಯಂತ್ರ ಗೆರೆಯನ್ನೂ ಚುಕ್ಕೆಯನ್ನೂ ಬಿಟ್ಟು ಬರಿಯ ‘ರಿ’, ‘ಗ’ ಎಂದು ಉಚ್ಚರಿಸಿತು. “ಯಾವ ರಿ?” ಎಂದು ಶಿಕ್ಷಕರು ಕೇಳಿದರು. ಪತ್ರಿಕೆಯ ಅತ್ಯಂತ ಉಪಯುಕ್ತ ಭಾಗವೆಂದು ತರುಣ ಭಾವಿಸಿದ್ದ ಪುಟ, ಸ್ವರವನ್ನೇ ಬದುಕಾಗಿಸಿಕೊಂಡವರಿಗೆ ಮುಚ್ಚಿದ ಬಾಗಿಲಾಗಿತ್ತು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಜನರನ್ನು ಪುಸ್ತಕ ಹಿಡಿದು ಅಭ್ಯಾಸ ಮಾಡದೆಯೂ ಕಾವ್ಯದ ಬಳಕೆ ಬಲ್ಲವರೆಂದು ಗುರುತಿಸಿತು. ಈ ಮಾತನ್ನು ನಾಡಿನ ಹೆಮ್ಮೆಯಾಗಿ ಉಲ್ಲೇಖಿಸುವುದು ವಾಡಿಕೆ. ಆದರೆ ಓದದೆಯೂ ಬಲ್ಲವರು ಇರುವ ನಾಡಿನಲ್ಲಿ ಬರೆಯುವವನ ಹೊಣೆ ಏನೆಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ. ಬಿ.ಬಿ.ಸಿ. 1936ರಲ್ಲಿ ಶ್ರೋತೃ ಸಂಶೋಧನೆಯನ್ನು ಆರಂಭಿಸಿದಾಗ ಅದು ಹುಡುಕಿದ್ದು ಕೇಳುಗರನ್ನು. ಪತ್ರಿಕೆಗಳ ಸಮೀಕ್ಷೆ ಹುಡುಕುವುದು ಓದುಗರನ್ನು. ಸಂಗೀತ ಪತ್ರಿಕೆ ಈ ಎರಡರ ನಡುವೆ ನಿಲ್ಲುವಂಥದು. ಕಾವ್ಯಮೀಮಾಂಸೆ ಹೇಳುವ ಸಹೃದಯನಿಗೆ ಹೃದಯದ ಅರ್ಹತೆ ಸಾಕು. ಪ್ರಶ್ನಾವಳಿ ಬಯಸುವ ಸಹೃದಯನಿಗೆ ಮಾತ್ರ ಕಣ್ಣು, ಅಕ್ಷರ, ಬಿಡುವು, ಲೇಖನಿ ಎಲ್ಲವೂ ಬೇಕು. ತುಂಬಿ ಬಂದ ಹಾಳೆಗಳಿಂದ ತಿಳಿಯುವುದು ಹಾಳೆ ತುಂಬಬಲ್ಲವರ ಅಭಿರುಚಿ ಮಾತ್ರ.

ತರುಣ ಯೋಜನೆಯನ್ನು ಬದಲಾಯಿಸಿದ. ನುಣುಪು ಕಾಗದವನ್ನು ಕೈಬಿಟ್ಟ. ಪ್ರತಿ ಸಂಚಿಕೆಗೂ ಯಂತ್ರ ಓದಬಲ್ಲ ಯುನಿಕೋಡ್ ಪ್ರತಿಯೊಂದಿರಬೇಕು, ಸ್ವರಲಿಪಿಯಲ್ಲಿ ‘ಕೋಮಲ’, ‘ತೀವ್ರ’, ‘ಮಂದ್ರ’ ಎಂಬ ಮಾತುಗಳು ಅಕ್ಷರಗಳಲ್ಲಿಯೇ ಇರಬೇಕು, ಎರಡು ಪದ್ಧತಿಗಳ ರಾಗನಾಮಗಳು ಜೊತೆಜೊತೆಯಾಗಿ ಬರಬೇಕು ಎಂದು ನಿರ್ಧರಿಸಿದ. ಹಣ ಹೂಡಲಿದ್ದವರಿಗೆ ಇದು ರುಚಿಸಲಿಲ್ಲ. ಜಾಹೀರಾತು ಕೊಡುವವರು ಕೇಳುವುದು ಕೊಂಡು ಓದುವವರ ಲೆಕ್ಕವನ್ನು, ಓದಿಸಿ ಕೇಳುವವರ ಲೆಕ್ಕವನ್ನಲ್ಲ ಎಂದು ಅವರು ಹಿಂದೆ ಸರಿದರು. ಅವರ ಮಾತಿನಲ್ಲಿ ಲೋಕಾನುಭವವಿಲ್ಲದಿರಲಿಲ್ಲ. ಪತ್ರಿಕೆಯ ಮೊದಲ ಸಂಚಿಕೆ ಆ ವರ್ಷ ಹೊರಬರಲಿಲ್ಲ.

ಆದರೂ ತಿದ್ದಿದ ಕರಡಿನೊಂದಿಗೆ ಆತ ಮತ್ತೆ ಗದುಗಿಗೆ ಹೋದ. ಶಿಕ್ಷಕರ ಬಳಿ ಪಾಠಕ್ಕೆ ಬಂದಿದ್ದ ಹುಡುಗಿಯೊಬ್ಬಳು ಅದನ್ನು ಗಟ್ಟಿಯಾಗಿ ಓದಿದಳು. ಸ್ವರಲಿಪಿಯ ಸಾಲು ಬಂದಾಗ ಓದು ತಾನಾಗಿಯೇ ಹಾಡಾಯಿತು. ನಡುವೆ ಒಂದೆಡೆ ಶಿಕ್ಷಕರು ಕೈಯೆತ್ತಿದರು. ಅಲ್ಲಿ ಕೋಮಲ ರಿಷಭವಿರಬೇಕು, ‘ಕೋಮಲ’ ಎಂಬ ಮಾತು ಬಿಟ್ಟುಹೋಗಿದೆ ಎಂದರು. ತರುಣ ತನ್ನ ಚೀಲದಲ್ಲಿ ಉಳಿದಿದ್ದ ಹಳೆಯ ಪ್ರಶ್ನಾವಳಿಯನ್ನು ತೆಗೆದು, ‘ಇತರ ಅಭಿಪ್ರಾಯಗಳು’ ಎಂಬ ಖಾಲಿ ಜಾಗದಲ್ಲಿ ಆ ತಿದ್ದುಪಡಿಯನ್ನು ಬರೆದುಕೊಂಡ.